ಚೀನೀ ಪ್ರಶ್ನಾವಳಿಯಲ್ಲಿ ಎಂಟನೇ ವಾಕ್ಯದ ತಕರಾರು

ಸೆಲ್ಫ್ ಎಸ್ಟೀಮ್, ಅಂದರೆ ತನ್ನ ಮೇಲೆ ತನಗಿರುವ ಗೌರವ, ಅಳೆಯೋಕೆ ಜಾಸ್ತಿ ಬಳಸುವುದು 1965ರ ರೋಸೆನ್‌ಬರ್ಗ್ ಸ್ಕೇಲ್. ಬರೀ ಹತ್ತು ವಾಕ್ಯ. ಐದು ತನ್ನ ಬಗ್ಗೆ ಒಳ್ಳೆಯ ಮಾತು, ಐದು ಕೊರತೆಯ ಮಾತು. ಎಷ್ಟು ಒಪ್ಪುತ್ತೀರಿ ಅಂತ ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಇದರ ಚೀನೀ ರೂಪವನ್ನು ಚೀನಾದ ಚೆಂಗ್ಡು ನಗರದಲ್ಲಿ ವಯಸ್ಕರ ಮೇಲೆ ಪರೀಕ್ಷಿಸಿದ ತಂಡದಲ್ಲಿ ಲೆಕ್ಕದ ಕೆಲಸ ನನ್ನದು.

ಅನುವಾದವನ್ನು ಇನ್ನೊಬ್ಬರಿಂದ ವಾಪಸ್ ಇಂಗ್ಲಿಷಿಗೆ ಮಾಡಿಸಿ ಮೂಲದ ಜೊತೆ ಇಟ್ಟು ನೋಡುವುದು ಮಾಮೂಲಿ ಪದ್ಧತಿ. ನಮ್ಮದು ಚೆನ್ನಾಗೇ ತಾಳೆಯಾಯಿತು. ಆದರೆ ಆ ತಾಳೆಯನ್ನು ನಾನು ಅಷ್ಟಾಗಿ ನಂಬಲ್ಲ. ಎರಡೂ ಭಾಷೆ ಬಲ್ಲವರು ಓದುವ ರೀತಿ ಬೇರೆ, ಫಾರಂ ತುಂಬುವವರು ಓದುವ ರೀತಿ ಬೇರೆ. ಅದಕ್ಕೇ ಮೊದಲು ಕೆಲವರನ್ನು ಕೂರಿಸಿಕೊಂಡು, ಓದುವಾಗ ತಲೆಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ ಅಂದೆವು.

ಎಂಟನೇ ವಾಕ್ಯ: ನನಗೆ ನನ್ನ ಮೇಲೆ ಇನ್ನಷ್ಟು ಗೌರವ ಇದ್ದಿದ್ದರೆ ಚೆನ್ನಾಗಿತ್ತು. ಮೂಲದಲ್ಲಿ ಇದು ಕೊರಗು, ಒಪ್ಪಿದರೆ ಅಂಕ ಕಡಿಮೆ. ಅಕೌಂಟ್ಸ್ ಕೆಲಸದ ಹೆಂಗಸೊಬ್ಬರು ಉಳಿದ ಕಡೆಯೆಲ್ಲ ಧೈರ್ಯದ ಉತ್ತರ ಕೊಟ್ಟವರು ಇಲ್ಲಿ ‘ಪೂರ್ತಿ ಒಪ್ಪುತ್ತೇನೆ’ಗೆ ಗುರುತು ಹಾಕಿದರು. “ಇನ್ನೂ ಬೆಳೀಬೇಕು ಅಂತ ಯಾರಿಗೆ ಆಸೆ ಇರಲ್ಲ? ಬೇಡ ಅಂದ್ರೆ ಸೊಕ್ಕು ಅನ್ನಲ್ವಾ?” ಅಂದರು. ಚೀನೀ ರೂಪ ಬಳಸಿದ ಬೇರೆಯವರಿಗೂ ಈ ವಾಕ್ಯ ಕಾಟ ಕೊಟ್ಟಿದೆ. ಕೆಲವರು ಕಿತ್ತುಹಾಕಿದ್ದಾರೆ, ಕೆಲವರು ಅಂಕ ತಿರುಗಿಸಿದ್ದಾರೆ, ಅಂದರೆ ಒಪ್ಪಿದವರಿಗೆ ಜಾಸ್ತಿ ಅಂಕ ಕೊಟ್ಟಿದ್ದಾರೆ. ನಮ್ಮ ದೊಡ್ಡ ಸ್ಯಾಂಪಲ್‌ನಲ್ಲೂ ಉಳಿದ ಒಂಬತ್ತರ ಮೊತ್ತಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅನ್ನೋ ಹಾಗಿತ್ತು. ತೆಗೆದು ನೋಡಿದರೆ ಕ್ರಾನ್‌ಬಾಕ್ ಆಲ್ಫಾ, ಅಂದರೆ ವಾಕ್ಯಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನೋ ಅಂಕಿ, ಏರಿತು. ಅಂಕ ತಿರುಗಿಸೋಕೆ ನನಗೆ ಮನಸ್ಸಾಗಲಿಲ್ಲ, ಅದು ಅಳೆಯುತ್ತಿರುವುದೇ ಬೇರೆ ಏನನ್ನೋ. ಫಾರಂನಲ್ಲಿ ಉಳಿಸಿಕೊಂಡು, ಹತ್ತರ ಲೆಕ್ಕವನ್ನೂ ಒಂಬತ್ತರ ಲೆಕ್ಕವನ್ನೂ ಎರಡೂ ವರದಿಯಲ್ಲಿ ಕೊಟ್ಟೆವು.

ಇನ್ನು ಡೇಟಾ. ಚೀನಾದ ಮೆಸೇಜಿಂಗ್ ಆ್ಯಪ್ ವೀಚಾಟ್‌ನಲ್ಲಿ ಕ್ಯೂಆರ್ ಕೋಡ್ ಹಂಚಿ, ತುಂಬಿದವರಿಗೆ ಹೊಂಗ್‌ಬಾವೊ, ಅಂದರೆ ಕೆಂಪು ಲಕೋಟೆಯ ಚಿಲ್ಲರೆ ಕಾಸು. ಕಾಸು ಅಂದಮೇಲೆ ಕೇಳಬೇಕೇ! ‘ನನ್ನಲ್ಲಿ ಒಳ್ಳೆ ಗುಣಗಳಿವೆ’ ಅನ್ನೋದಕ್ಕೂ ‘ನಾನು ಯಾವುದಕ್ಕೂ ಬಾರದವನು’ ಅನ್ನೋದಕ್ಕೂ ಒಂದೇ ಸಾಲಲ್ಲಿ ‘ಒಪ್ಪುತ್ತೇನೆ’ ಒತ್ತಿದವರಿದ್ದರು. ಇಂಥವನ್ನು ತೆಗೆಯದೆ ಫ್ಯಾಕ್ಟರ್ ಅನಾಲಿಸಿಸ್ (ಯಾವ ವಾಕ್ಯಗಳ ಉತ್ತರ ಒಟ್ಟಿಗೆ ಏರಿಳಿಯುತ್ತವೆ ಅಂತ ಗುಂಪು ಹುಡುಕುವ ಲೆಕ್ಕ) ಮಾಡಿದರೆ ಒಳ್ಳೆ ಮಾತುಗಳದ್ದೊಂದು, ಕೊರತೆಯ ಮಾತುಗಳದ್ದೊಂದು ಅಂತ ಸುಮ್ನೆ ಎರಡು ಗುಂಪು ಎದ್ದು ಕಾಣುತ್ತವೆ. ನಾವು ತೆಗೆದ ಮೇಲೂ ಅದರ ನೆರಳು ಪೂರ್ತಿ ಹೋಗಲಿಲ್ಲ.

ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಫಾರಂ ಜೊತೆ ನಿರೀಕ್ಷಿಸಿದ ಹಾಗೇ ಉಲ್ಟಾ ಸಂಬಂಧ ಬಂತು. ಕೆಲವು ವಾರ ಬಿಟ್ಟು ಅದೇ ಜನರಿಗೆ ಮತ್ತೆ ಕೊಟ್ಟಾಗಲೂ ಅಂಕಗಳು ಜಾಸ್ತಿ ಅಲುಗಲಿಲ್ಲ. ಆದರೆ ಇವೆಲ್ಲ ವೀಚಾಟ್ ಬಳಸುವ ಪೇಟೆಯವರ ಉತ್ತರಗಳು. ಹಳ್ಳಿಯ ವಯಸ್ಸಾದವರಿಗೆ ಈ ಫಾರಂ ಕೊಡಬೇಕು ಅಂತಿದ್ದರೆ, ಮತ್ತೆ ಕೂರಿಸಿ ಓದಿಸುವುದರಿಂದಲೇ ಶುರು ಮಾಡಿ.