ಪಿ ಅಲ್ಲ ಮಾರಾಯ್ರೆ, ಕ್ಯೂ!

ಶಿರಸೀಲಿ ಮಳೆ ಹೊಡೀತಿತ್ತು, ಕರೆಂಟ್ ಬೇರೆ ಇಲ್ಲ, ಬ್ಯಾಟರಿ ಮುಗಿಯೋದ್ರೊಳಗೆ ಆರ್‌ಎಸ್‌ಕೆ ಕೋಡ್ ಸರಿ ಮಾಡ್ಬೇಕಿತ್ತು. ಅದು ಪರ್ಮ್ಯುಟೇಶನ್ನಿಂದ (ಅಂಕಿಗಳನ್ನ ಜೋಡಿಸಿದ ಒಂದು ಕ್ರಮ) ಪಿ, ಕ್ಯೂ ಅನ್ನೋ ಎರಡು ಟ್ಯಾಬ್ಲೋ (ಅಂಕಿ ತುಂಬಿದ ಸಾಲುಗಳ ಕೋಷ್ಟಕ) ಮಾಡೋ ವಿಧಾನ: ಪಿಯಲ್ಲಿ ಆ ಅಂಕಿಗಳು, ಕ್ಯೂನಲ್ಲಿ ಯಾವ ಮನೆ ಎಷ್ಟನೇದಾಗಿ ಸೇರ್ತು ಅನ್ನೋದು. ಪರ್ಮ್ಯುಟೇಶನ್ನಿನ ಮೇಜರ್ ಇಂಡೆಕ್ಸು, ಅಂದ್ರೆ ದೊಡ್ಡದ್ರ ಬೆನ್ನಿಗೇ ಚಿಕ್ಕದು ಬರೋ ಜಾಗಗಳ (ಡಿಸೆಂಟ್) ನಂಬರಿನ ಮೊತ್ತ, ಟ್ಯಾಬ್ಲೋದಿಂದ ತೆಗೆದ್ರೆ ಬೇರೇನೇ ಬರ್ತಿತ್ತು. ಮಜಾ ಅಂದ್ರೆ 3ರ 6 ಪರ್ಮ್ಯುಟೇಶನ್ನೂ ಒಟ್ಟು ಹಾಕಿದ್ರೆ ಲೆಕ್ಕ ಕರೆಕ್ಟು! 4ಕ್ಕೆ ಸರಿ, 231 ಮತ್ತೆ 312ರ ಉತ್ತರ ಮಾತ್ರ ಅದಲು ಬದಲು.

ಕೊನೆಗೆ ಅಡಿಕೆ ಲೆಕ್ಕದ ಚೀಟಿ ಹಿಂದೆ ಪೆನ್ನಲ್ಲೇ 231 ಮಾಡ್ದೆ: 2, 3 ಕೂತ್ವು, 1 ಬಂದು 2ನ್ನ ಕೆಳಗಿನ ಸಾಲಿಗೆ ತಳ್ತು. ಪಿ ಮೇಲೆ 1 3, ಕೆಳಗೆ 2. ಕ್ಯೂ ಮೇಲೆ 1 2, ಕೆಳಗೆ 3. ಕ್ಯೂನಲ್ಲಿ 2ಕ್ಕಿಂತ 3 ಕೆಳಗಿದೆ, ಹಂಗಾಗಿ ಡಿಸೆಂಟ್ 2, ನಾನು ಓದ್ತಿದ್ದಿದ್ದು ಪಿ! ಇನ್ವರ್ಸ್ (ಜಾಗ, ಅಂಕಿ ಅದಲು ಬದಲು) ಮಾಡಿದ್ರೆ ಪಿ, ಕ್ಯೂ ಅದಲು ಬದಲಾಗ್ತವೆ; ಉಳಿದ 4ರ ಇನ್ವರ್ಸ್ ಅವೇ ಆಗಿರೋದ್ರಿಂದ ಪಿ, ಕ್ಯೂ ಒಂದೇ, ಅದ್ಕೇ ಸಿಕ್ಕಿರ್ಲಿಲ್ಲ. ಒಂದಕ್ಷರ ಬದಲಿಸ್ದೆ, 5ರ 120ಕ್ಕೂ ಸರಿ ಬಂತು, ಬ್ಯಾಟರಿ 4 ಪರ್ಸೆಂಟ್.