ಮಾರನಾಥ: ಒಂದೇ ಪದ ಹಿಡಿದು ದೇವರ ಮುಂದೆ ಕೂರುವುದು ಹೇಗೆ?

ಜಪಸರ ಗೊತ್ತು, ಕೀರ್ತನೆ ಗೊತ್ತು, ಊಟದ ಪ್ರಾರ್ಥನೆಯೂ ಬಾಯಿಪಾಠ. ದೇವರ ಮುಂದೆ ಏನನ್ನೂ ಕೇಳದೆ ಸುಮ್ಮನೆ ಕೂರುವುದನ್ನು ಮಾತ್ರ ಕ್ರೈಸ್ತರಾದ ನಮ್ಮಲ್ಲಿ ಅನೇಕರಿಗೆ ಯಾರೂ ಹೇಳಿಕೊಟ್ಟಿಲ್ಲ. ಅದು ಮಠದೊಳಗಿನವರಿಗಷ್ಟೇ ಎಂದುಕೊಂಡು ದೂರ ಉಳಿಯಬೇಕಿಲ್ಲ.

ಇಲ್ಲಿ ಹೇಳುತ್ತಿರುವುದು ಕ್ಯಾಥೊಲಿಕ್ ಸಭೆಯ ಬೆನೆಡಿಕ್ಟೈನ್ ಪಂಥದ ಸನ್ಯಾಸಿ ಜಾನ್ ಮೇನ್ ಕಲಿಸಿದ ಕ್ರಮ. ಅವರಿನ್ನೂ ಸನ್ಯಾಸಿಯಾಗಿರಲಿಲ್ಲ, 1950ರ ದಶಕದಲ್ಲಿ ಮಲಯಾದಲ್ಲಿ (ಇಂದಿನ ಮಲೇಷ್ಯಾ) ಬ್ರಿಟಿಷ್ ಸರ್ಕಾರದ ಕೆಲಸದಲ್ಲಿದ್ದಾಗ ಅಲ್ಲಿನ ಹಿಂದೂ ಸನ್ಯಾಸಿ ಸ್ವಾಮಿ ಸತ್ಯಾನಂದರಿಂದ ಧ್ಯಾನ ಕಲಿತರು. ಕ್ರೈಸ್ತರಾದ್ದರಿಂದ ಕ್ರೈಸ್ತ ಪದವನ್ನೇ ಹಿಡಿಯಬೇಕೆಂದು ಸ್ವಾಮೀಜಿ ಹೇಳಿದ್ದರು. ಮುಂದೆ ಮಠ ಸೇರಿದಾಗ ಹಿರಿಯರು ಇದು ಬೇಡ ಎಂದರು, ಬಿಟ್ಟರು. ಎಷ್ಟೋ ವರ್ಷಗಳ ಮೇಲೆ ಪ್ರಾಚೀನ ಕಾಲದ ಕ್ರೈಸ್ತ ಸನ್ಯಾಸಿ ಜಾನ್ ಕ್ಯಾಸಿಯನ್ನರ ಬರಹ ಓದುವಾಗ, ಈಜಿಪ್ಟಿನ ಮರುಭೂಮಿಯ ತಪಸ್ವಿಗಳೂ ಬೈಬಲಿನ ಕೀರ್ತನೆಯ ಒಂದೇ ಸಾಲನ್ನು ಬಿಡದೆ ನುಡಿಯುತ್ತಿದ್ದರೆಂದು ಕಂಡಿತು. ತಾವು ಕೈಬಿಟ್ಟದ್ದು ತಮ್ಮ ಮನೆಯ ಆಸ್ತಿಯೇ ಆಗಿತ್ತು! 1975ರಲ್ಲಿ ಲಂಡನ್ನಿನ ಈಲಿಂಗ್ ಮಠದಲ್ಲಿ ಇತರರಿಗೂ ಕಲಿಸತೊಡಗಿದರು.

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, 20ರಿಂದ 30 ನಿಮಿಷ. ಅಷ್ಟಾಗದಿದ್ದರೆ 10 ನಿಮಿಷದಿಂದ ಶುರುಮಾಡಿ, ಆದರೆ ದಿನ ತಪ್ಪಿಸಬೇಡಿ. ಊಟವಾದ ಕೂಡಲೇ ಕೂತರೆ ನಿದ್ದೆ ಎಳೆಯುತ್ತದೆ. ಮೊಬೈಲಿನಲ್ಲಿ ಮೆಲುದನಿಯ ಅಲಾರಂ ಇಟ್ಟು ಬೋರಲು ಹಾಕಿ. ಪದೇ ಪದೇ ಗಡಿಯಾರ ನೋಡುವುದು ತಪ್ಪುತ್ತದೆ.

ಕುರ್ಚಿಯೋ ಚಾಪೆಯೋ, ಬೆನ್ನು ನೆಟ್ಟಗಿರಲಿ. ಕಣ್ಣು ಮುಚ್ಚಿ.

ಈಗ ಪದ: ಮಾರನಾಥ. ಯೇಸುಸ್ವಾಮಿ ಆಡುತ್ತಿದ್ದ ಅರಮೇಯ ಭಾಷೆಯದು. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ (16:22) ಸಂತ ಪೌಲರು ಅದನ್ನು ಹಾಗೇ ಉಳಿಸಿದ್ದಾರೆ. ‘ಕರ್ತನೇ, ಬಾ’ ಎಂದರ್ಥ. ಮಾ-ರ-ನಾ-ಥ, ನಾಲ್ಕು ಅಕ್ಷರಕ್ಕೂ ಸಮನಾದ ಒತ್ತು. ತುಟಿ ಅಲ್ಲಾಡದೆ ಒಳಗೇ ಹೇಳಿ, ಹೇಳಿದ್ದನ್ನು ಕೇಳಿಸಿಕೊಳ್ಳಿ. ಕನ್ನಡದ ಕಿವಿಗೆ ‘ನಾಥ’ ಎಂದು ಕೇಳಿಸಿ ಮನಸ್ಸು ಅರ್ಥದ ಬೆನ್ನು ಹತ್ತುತ್ತದೆ, ಹೋಗಲು ಬಿಡಬೇಡಿ. ‘ಯೇಸು’ ಎಂದೂ ಹೇಳಬಹುದು, ‘ಅಬ್ಬಾ’ (ಅರಮೇಯದಲ್ಲಿ ‘ತಂದೆ’) ಎಂದೂ ಹೇಳಬಹುದು. ಆದರೆ ಹಿಡಿದ ಪದವನ್ನು ವಾರಕ್ಕೊಮ್ಮೆ ಬದಲಿಸುತ್ತಿದ್ದರೆ ಯಾವುದೂ ಬೇರುಬಿಡುವುದಿಲ್ಲ.

ಎರಡು ನಿಮಿಷವೂ ಆಗಿರುವುದಿಲ್ಲ, ಕುಕ್ಕರ್ ಎಷ್ಟು ಸಲ ಕೂಗಿತೆಂದು ಎಣಿಸುತ್ತಿರುತ್ತೀರಿ. ಆಮೇಲೆ ಸಾಲದ ಕಂತು, ಓರಗಿತ್ತಿ ಆಡಿದ ಮಾತು. ‘ನನ್ನಿಂದಾಗದು’ ಎಂದು ಹೆಚ್ಚಿನವರು ಎದ್ದುಬಿಡುವುದು ಇಲ್ಲೇ. ದಯವಿಟ್ಟು ಏಳಬೇಡಿ. ಮನಸ್ಸನ್ನು ಖಾಲಿ ಮಾಡುವುದು ನಿಮ್ಮ ಕೆಲಸವಲ್ಲ. ಹೋಗಿದ್ದು ಗೊತ್ತಾದ ಕೂಡಲೇ, ಬೈದುಕೊಳ್ಳದೆ, ಪದಕ್ಕೆ ಮರಳುವುದಷ್ಟೇ ಕೆಲಸ. ನೂರು ಸಲ ಹೋದರೆ ನೂರು ಸಲ ಮರಳಿ. ಅಷ್ಟು ಸಲವೂ ನೀವು ದೇವರ ಕಡೆಗೇ ತಿರುಗಿದಿರಿ. ನನ್ನ ಮಟ್ಟಿಗೆ ಪ್ರಾರ್ಥನೆಯೆಂದರೆ ಅದೇ. ಇನ್ನೂ ಕಷ್ಟದ್ದು, ಸುಂದರವಾದ ಭಕ್ತಿಯ ಆಲೋಚನೆ ಬಂದಾಗ ಅದನ್ನೂ ಬಿಟ್ಟು ಪದಕ್ಕೆ ಬರುವುದು. ಆ ಆಲೋಚನೆಗೆ ಬೇರೆ ಹೊತ್ತಿದೆ.

ಕೆಲವೊಮ್ಮೆ ಹಳೆಯ ದುಃಖ ಉಕ್ಕಿ ಅಳು ಬರುತ್ತದೆ. ತಡೆಯಲಾಗದಿದ್ದರೆ ಕಣ್ಣು ತೆರೆದು ಅಲ್ಲಿಗೇ ನಿಲ್ಲಿಸಿ, ನಂಬಿಕಸ್ಥರ ಹತ್ತಿರ ಹೇಳಿಕೊಳ್ಳಿ.

ಅಲಾರಂ ಆದೊಡನೆ ದಡಬಡಿಸಿ ಏಳದೆ, ‘ನಮ್ಮ ತಂದೆಯೇ’ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ ಮುಗಿಸಿ. ಜಪಸರ, ಭಾನುವಾರದ ಪೂಜೆ ಎಂದಿನಂತೆ ನಡೆಯಲಿ.

ಒಬ್ಬರೇ ಕೂರುವುದು ಬೇಗ ಬಿಟ್ಟುಹೋಗುತ್ತದೆ. ನಿಮ್ಮ ಚರ್ಚಿನಲ್ಲೇ ಇಬ್ಬರು ಮೂವರನ್ನು ಹುಡುಕಿ, ವಾರಕ್ಕೊಂದು ಸಂಜೆ ಜೊತೆಗೆ ಕೂರಿ. ಶುಭಸಂದೇಶದ ನಾಲ್ಕು ಸಾಲನ್ನು ಒಬ್ಬರು ಓದಲಿ, ಆಮೇಲೆ ಎಲ್ಲರೂ ಮೌನಕ್ಕೆ ಕೂರಿ.