ಬುದ್ಧಿವಂತ ನಾಯಕರ ಅನಿಮೆ: ಆರಿಸುವ ಬಗೆ, ನೋಡುವ ಬಗೆ

ಬುದ್ಧಿವಂತ ನಾಯಕನಿರುವ ಅನಿಮೆ, ಅಂದರೆ ಜಪಾನಿನ ಅನಿಮೇಶನ್ ಸರಣಿ, ಯಾವುದಿದೆ ಎಂದು ಕೇಳಿದರೆ ಬಲ್ಲವರು ಒಂದೇ ಉಸಿರಿನಲ್ಲಿ ಹತ್ತು ಹೆಸರು ಹೇಳುತ್ತಾರೆ. ಅವುಗಳಲ್ಲಿ ಎಷ್ಟೋ ಸರಣಿಗಳಲ್ಲಿ ನಾಯಕ ಮಹಾ ಬುದ್ಧಿವಂತನೆಂದು ಸುತ್ತಲಿನ ಪಾತ್ರಗಳು ಹೇಳುತ್ತಿರುತ್ತವೆಯೇ ಹೊರತು, ಅವನ ಬುದ್ಧಿ ಕೆಲಸ ಮಾಡುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಪಟ್ಟಿಗಿಂತ ಮೊದಲು ಒಂದು ಅಳತೆಗೋಲು ಬೇಕಾಗುತ್ತದೆ. ನಾನು ಇಟ್ಟುಕೊಂಡಿರುವ ಅಳತೆಗೋಲು ಇಷ್ಟೇ: ನಾಯಕನಿಗೆ ಗೊತ್ತಿರುವ ನಿಯಮಗಳೆಲ್ಲ ನನಗೂ ಮೊದಲೇ ಗೊತ್ತಿದ್ದು, ಅವನಿಗೆ ಕಂಡ ದಾರಿ ಮಾತ್ರ ನನಗೆ ಕಾಣದೆ ಹೋಗಿದ್ದರೆ ಆ ಸರಣಿ ಗೆದ್ದಿತು, ಕೊನೆಯ ಗಳಿಗೆಯಲ್ಲಿ ಅವನ ಜೇಬಿನಿಂದ ಹೊಸ ನಿಯಮವೊಂದು ಹೊರಬಂದರೆ ಸೋತಿತು.

ಈ ಅಳತೆಗೋಲನ್ನು ಹಿಡಿಯಲು ಕಲಿಯುವುದಕ್ಕೆ ‘ಡೆತ್ ನೋಟ್’ನ ಮೊದಲ ಎರಡು ಕಂತುಗಳು ಸಾಕು. ತ್ಸುಗುಮಿ ಓಬಾ ಕಥೆ ಬರೆದು ತಕೇಶಿ ಒಬಾತಾ ಚಿತ್ರ ಬಿಡಿಸಿದ ಮಾಂಗಾವನ್ನು (ಜಪಾನಿ ಕಾಮಿಕ್ಸ್) ಮ್ಯಾಡ್‌ಹೌಸ್ ಸ್ಟುಡಿಯೋ 2006–07ರಲ್ಲಿ 37 ಕಂತುಗಳಲ್ಲಿ ತೆರೆಗೆ ತಂದಿತು. ಹೆಸರು ಬರೆದರೆ ಆ ವ್ಯಕ್ತಿಯನ್ನು ಕೊಲ್ಲುವ ಪುಸ್ತಕವೊಂದು ನಾಯಕನ ಕೈಗೆ ಸಿಗುತ್ತದೆ, ಅದರ ನಿಯಮಗಳು ಆರಂಭದಲ್ಲಿಯೇ ತಿಳಿಯುತ್ತವೆ. ಹೆಸರು ಬರೆಯುವವನ ಮನಸ್ಸಿನಲ್ಲಿ ಆ ವ್ಯಕ್ತಿಯ ಮುಖವೂ ಇರಬೇಕು. ಬರೆದ 40 ಸೆಕೆಂಡುಗಳೊಳಗೆ ಸಾವಿನ ಕಾರಣವನ್ನು ಸೂಚಿಸದಿದ್ದರೆ ಹೃದಯಾಘಾತವಾಗುತ್ತದೆ. ಎರಡನೆಯ ಕಂತಿನಲ್ಲಿ, ಈ ಕೊಲೆಗಾರನನ್ನು ಹುಡುಕುತ್ತಿರುವ ಪತ್ತೇದಾರ ಎಲ್, ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನನ್ನು ತನ್ನ ಜಾಗದಲ್ಲಿ ಕೂರಿಸಿ ಟಿವಿಯಲ್ಲಿ ಮಾತನಾಡಿಸುತ್ತಾನೆ. ಆ ಮನುಷ್ಯ ಮೇಜಿನ ಮೇಲೆ ಕುಸಿದು ಬೀಳುವ ಕ್ಷಣದಲ್ಲಿ ವಿಡಿಯೋ ನಿಲ್ಲಿಸಿ, ಎಲ್‌ಗೆ ಈಗ ಏನೇನು ಗೊತ್ತಾಯಿತು ಎಂಬುದನ್ನು ಕಾಗದದ ಮೇಲೆ ಬರೆಯಿರಿ. ಮುಟ್ಟದೆಯೇ ಕೊಲ್ಲುವವನೊಬ್ಬ ನಿಜಕ್ಕೂ ಇದ್ದಾನೆ ಎಂಬಲ್ಲಿಗೆ ನಮ್ಮಲ್ಲಿ ಹೆಚ್ಚಿನವರು ನಿಲ್ಲುತ್ತೇವೆ. ಮುಖ ತೋರಿಸದ ಎಲ್‌ನನ್ನು ಅವನು ಕೊಲ್ಲಲಾರ ಎಂಬುದು, ಆ ಪ್ರಸಾರ ಜಗತ್ತಿಗೆಲ್ಲ ಹೋಗದೆ ಟೋಕಿಯೋ ಸುತ್ತಲಿನ ಕಾಂತೋ ಪ್ರದೇಶಕ್ಕೆ ಮಾತ್ರ ಹೋಗಿದ್ದರಿಂದ ಕೊಲೆಗಾರ ಅಲ್ಲಿಯೇ ಇದ್ದಾನೆ ಎಂಬುದು, ಮೊದಲ ಬಲಿಯಾದ ಶಿಂಜುಕುವಿನ ಅಪರಾಧಿಯ ಸುದ್ದಿ ಜಪಾನಿನಲ್ಲಿ ಮಾತ್ರ ಬಂದಿತ್ತು ಎಂಬುದು, ಇವೆಲ್ಲ ಮುಂದಿನ ಎರಡು ನಿಮಿಷಗಳಲ್ಲಿ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ನಿಯಮ ನಮಗೂ ಗೊತ್ತಿತ್ತು. ಅದನ್ನು ಬಲೆಯಾಗಿ ನೇಯಬಹುದೆಂದು ಮಾತ್ರ ಹೊಳೆದಿರಲಿಲ್ಲ. 25ನೆಯ ಕಂತಿನ ಆಚೆ ಈ ಸರಣಿ ಸಪ್ಪೆಯಾಯಿತೆಂಬ ದೂರಿನಲ್ಲಿ ಹುರುಳಿದೆ. ಮೂಲದ 12 ಸಂಪುಟಗಳಲ್ಲಿ ಸುಮಾರು ಐದನ್ನು ಕೊನೆಯ ಹನ್ನೆರಡು ಕಂತುಗಳಿಗೆ ತುರುಕಿದಾಗ, ಪಾತ್ರಗಳು ಯೋಚಿಸುವುದನ್ನು ತೋರಿಸಲು ಸಮಯವೇ ಉಳಿಯಲಿಲ್ಲ.

ಈ ಬಗೆಯ ಸರಣಿಗಳನ್ನು ಒಂದು ರಾತ್ರಿಗೆ ಎರಡು ಕಂತಿಗಿಂತ ಹೆಚ್ಚು ನೋಡಬಾರದೆಂಬುದು ನನ್ನ ಸಲಹೆ. ಎಂಟು ಹತ್ತು ಕಂತುಗಳನ್ನು ಒಟ್ಟಿಗೆ ಮುಗಿಸಿದರೆ ಒಗಟಿಗೂ ಉತ್ತರಕ್ಕೂ ನಡುವೆ ನಮ್ಮ ತಲೆ ಓಡಲು ಜಾಗವಿರುವುದಿಲ್ಲ, ಆಮೇಲೆ ನೆನಪಿನಲ್ಲಿ ಉಳಿಯುವುದು ನಾಯಕನ ಗತ್ತು ಮಾತ್ರ. ಕಂತಿನ ಕೊನೆಯಲ್ಲಿ ಬರುವ ಮುಂದಿನ ಕಂತಿನ ತುಣುಕನ್ನು ಬಿಟ್ಟುಬಿಡಿ. ಆರಂಭದ ಹಾಡು ಬದಲಾದಾಗಲೂ ಅದನ್ನು ದಾಟಿಸುವುದು ಕ್ಷೇಮ, ಏಕೆಂದರೆ ಇನ್ನೂ ಪರಿಚಯವಾಗದ ಪಾತ್ರಗಳು ಅದರಲ್ಲಿ ಮೊದಲೇ ಮುಖ ತೋರಿಸಿರುತ್ತವೆ. ಪಾತ್ರಗಳ ಹೆಸರನ್ನು ಅಂತರಜಾಲದಲ್ಲಿ ಹುಡುಕುವ ಚಪಲವನ್ನಂತೂ ಪೂರ್ತಿ ತಡೆಯಲೇಬೇಕು. ಹೆಸರಿನ ಪಕ್ಕದಲ್ಲಿ ‘ಸಾವು’ ಎಂಬ ಪದ ತಾನಾಗಿಯೇ ಮೂಡಿಬಂದರೆ 20 ಕಂತುಗಳ ಕುತೂಹಲ ಅಲ್ಲಿಗೆ ಮುಗಿಯುತ್ತದೆ.

ಭಾಷೆಯ ವಿಚಾರಕ್ಕೆ ಬಂದರೆ, ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಕೆಲವು ಸರಣಿಗಳಿಗೆ ಸಿಗುತ್ತದೆ. ಕನ್ನಡಿಗರಲ್ಲಿ ಬಹಳಷ್ಟು ಮಂದಿ ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡೇ ನೋಡುತ್ತಾರೆ. ವಾದ ಬಿರುಸಾದಾಗ ಸಾಲುಗಳು ಎಷ್ಟು ಬೇಗ ಸರಿದುಹೋಗುತ್ತವೆಂದರೆ ಚಿತ್ರದಲ್ಲಿರುವ ಸುಳಿವಿನ ಕಡೆಗೆ ಕಣ್ಣು ಹೋಗುವುದೇ ಇಲ್ಲ. ಅಂಥ ದೃಶ್ಯವನ್ನು ಒಮ್ಮೆ ಓದಲೆಂದು, ಮತ್ತೊಮ್ಮೆ ನೋಡಲೆಂದು ಎರಡು ಬಾರಿ ಹಾಕಿಕೊಳ್ಳುವುದು ಒಳ್ಳೆಯದು.

ಆದರೆ ಒಂದು ಕಡೆ ಮಾತ್ರ ಕನ್ನಡ ಕಲಿತವರಿಗೆ ಪುಕ್ಕಟೆಯಾಗಿ ದೊರೆಯುವ ಅನುಕೂಲವೊಂದಿದೆ. ಜಪಾನಿನ ಅಕ್ಷರಗಳ ಕ್ರಮ ಅ, ಇ, ಉ, ಎ, ಒ ಎಂದು ಆರಂಭವಾಗಿ, ಕ, ಸ, ತ, ನ, ಹ, ಮ, ಯ, ರ, ವ ಎಂಬ ಸಾಲುಗಳಲ್ಲಿ ಸಾಗುತ್ತದೆ. ಬೌದ್ಧ ಭಿಕ್ಷುಗಳ ಸಂಸ್ಕೃತ ಅಧ್ಯಯನದ ಪ್ರಭಾವದಿಂದ ಆ ಕ್ರಮ ರೂಪುಗೊಂಡಿತು. ನಮ್ಮ ಚ ಇರುವಲ್ಲಿ ಅವರ ಸ, ನಮ್ಮ ಪ ಇರುವಲ್ಲಿ ಅವರ ಹ ಕುಳಿತಿವೆ, ಅಷ್ಟೇ. ಹೊನೊಬು ಯೊನೆಜಾವಾ ಅವರ ಕಾದಂಬರಿಗಳನ್ನು ಆಧರಿಸಿ ಕ್ಯೋತೊ ಅನಿಮೇಶನ್ 2012ರಲ್ಲಿ ತಂದ ‘ಹ್ಯೋಕಾ’ ಸರಣಿಯಲ್ಲಿ, ಶಾಲೆಯ ಉತ್ಸವದಲ್ಲಿ ನಡೆಯುವ ಕಳ್ಳತನಗಳ ಕಥೆ 12ರಿಂದ 17ನೆಯ ಕಂತಿನವರೆಗೆ ಬರುತ್ತದೆ. ಆ ಆರು ಕಂತುಗಳನ್ನು ನೋಡುವ ಮುನ್ನ ವರ್ಣಮಾಲೆಯನ್ನೊಮ್ಮೆ ಮನಸ್ಸಿನಲ್ಲಿ ಹೇಳಿಕೊಂಡು ಕೂರಿ. ಇದಕ್ಕಿಂತ ಹೆಚ್ಚು ಹೇಳಿದರೆ ರಸಭಂಗವಾದೀತು.

‘ಹ್ಯೋಕಾ’ದ ಬಗ್ಗೆ ಇನ್ನೂ ಒಂದು ಮಾತು ಹೇಳಬೇಕು. 22 ಕಂತುಗಳ ಈ ಸರಣಿಯಲ್ಲಿ ಕೊಲೆಯಿಲ್ಲ, ಜಗತ್ತನ್ನು ಉಳಿಸುವ ಹೊಣೆಯೂ ಇಲ್ಲ. ಮಾಡಬೇಕಾಗಿಲ್ಲದ ಕೆಲಸವನ್ನು ಮಾಡಬಾರದು, ಮಾಡಲೇಬೇಕಾದದ್ದನ್ನು ಬೇಗ ಮುಗಿಸಬೇಕು ಎಂಬ ಸೋಮಾರಿ ಧೋರಣೆಯ ಹುಡುಗ ಹೊತಾರೊ ಒರೆಕಿ ಇದರ ನಾಯಕ. 19ನೆಯ ಕಂತಿನಲ್ಲಿ ಧ್ವನಿವರ್ಧಕದಿಂದ ಒಂದೇ ಒಂದು ವಾಕ್ಯದ ಪ್ರಕಟಣೆ ಕೇಳಿಬರುತ್ತದೆ: ಅಕ್ಟೋಬರ್ 31ರಂದು ನಿಲ್ದಾಣದೆದುರಿನ ಅಂಗಡಿಯಲ್ಲಿ ಏನಾದರೂ ಕೊಂಡವರು ಕೂಡಲೇ ಶಿಕ್ಷಕರ ಕೋಣೆಗೆ ಬರಬೇಕು. ಒರೆಕಿಯೂ ಅವನ ಗೆಳತಿ ಚಿತಾಂಡಾಳೂ ಕುಳಿತ ಕೋಣೆಯಿಂದ ಏಳದೆ, ಆ ವಾಕ್ಯದ ಒಂದೊಂದು ಪದವನ್ನೂ ಹಿಡಿದು ಹಿಂಜುತ್ತಾ ಒಂದು ಅಪರಾಧದ ತನಕ ಹೋಗಿ ಮುಟ್ಟುತ್ತಾರೆ. ನೋಡುವವರಿಗೆ ಅಷ್ಟೇ ಪದಗಳು ಸಿಕ್ಕಿರುತ್ತವೆ. ಪ್ರಕಟಣೆ ಮುಗಿದೊಡನೆ ನಿಲ್ಲಿಸಿ, ‘ಕೂಡಲೇ’ ಎಂದೇಕೆ ಹೇಳಿದರು, ವಸ್ತುವಿನ ಹೆಸರನ್ನೇಕೆ ಹೇಳಲಿಲ್ಲ ಎಂಬ ಎರಡು ಪ್ರಶ್ನೆಗಳಿಗೆ ನೀವೇ ಉತ್ತರ ಬರೆದು ಮುಂದುವರಿಯಿರಿ. ನಾನು ಮೊದಲ ಬಾರಿ ಬರೆದ ಉತ್ತರ ಒರೆಕಿಯ ಉತ್ತರದ ಹತ್ತಿರಕ್ಕೂ ಸುಳಿದಿರಲಿಲ್ಲ, ಆದರೆ ನಾನು ತಪ್ಪಿದ್ದು ಎಲ್ಲಿ ಎಂಬುದು ಮಾತ್ರ ಸ್ಪಷ್ಟವಾಗಿ ಕಂಡಿತು.

ಲೆಕ್ಕದಲ್ಲಿ ಆಸಕ್ತಿಯಿರುವವರು ‘ಒನ್ ಔಟ್ಸ್’ನಿಂದ ತೊಡಗಬಹುದು. ಶಿನೊಬು ಕೈತಾನಿ ಅವರ ಮಾಂಗಾವನ್ನು ಆಧರಿಸಿದ, 2008ರಲ್ಲಿ ಆರಂಭವಾದ 25 ಕಂತುಗಳ ಈ ಸರಣಿ ಬೇಸ್‌ಬಾಲ್ ಕುರಿತದ್ದಾದರೂ, ಕ್ರಿಕೆಟ್ ಬಲ್ಲವರಿಗೆ ಆಟದ ಬಗ್ಗೆ ಗೊತ್ತಿರಬೇಕಾದದ್ದು ಬಹಳ ಕಡಿಮೆ: ಪ್ರತಿ ತಂಡಕ್ಕೂ ಒಂಬತ್ತು ಇನಿಂಗ್ಸ್, ಇನಿಂಗ್ಸ್‌ಗೆ ಮೂರು ಔಟ್, ಒಟ್ಟು 27 ಔಟ್. ವೇಗದ ಎಸೆತವೇ ಇಲ್ಲದ ಪಿಚರ್ (ಚೆಂಡು ಎಸೆಯುವವನು) ತೊಕುಚಿ ತೋಆ ತನ್ನ ತಂಡದ ಮಾಲೀಕನೊಡನೆ ಮಾಡಿಕೊಳ್ಳುವ ಒಪ್ಪಂದದ ಪ್ರಕಾರ, ಅವನು ಪಡೆಯುವ ಪ್ರತಿ ಔಟ್‌ಗೆ 50 ಲಕ್ಷ ಯೆನ್ ಸಿಗುತ್ತದೆ, ಬಿಟ್ಟುಕೊಡುವ ಪ್ರತಿ ರನ್‌ಗೆ 5 ಕೋಟಿ ಯೆನ್ ಕಳೆದುಹೋಗುತ್ತದೆ. ನೋಡಲು ಕುಳಿತುಕೊಳ್ಳುವ ಮುನ್ನ ಈ ಲೆಕ್ಕವನ್ನು ಒಮ್ಮೆ ಮಾಡಿಕೊಳ್ಳಿ. ಒಂದು ಪಂದ್ಯವನ್ನು ಪೂರ್ತಿ ತಾನೇ ಎಸೆದು ಒಂದೂ ರನ್ ಕೊಡದಿದ್ದರೆ 13 ಕೋಟಿ 50 ಲಕ್ಷ ಯೆನ್ ಲಾಭ. ಎರಡು ರನ್ ಕೊಟ್ಟರೂ ಮೂರೂವರೆ ಕೋಟಿ ಕೈಯಲ್ಲಿ ಉಳಿಯುತ್ತದೆ. ಮೂರನೆಯ ರನ್ ಬಂದೊಡನೆ ಒಂದೂವರೆ ಕೋಟಿ ನಷ್ಟ. ತನ್ನ ತಂಡ ಗೆಲ್ಲುತ್ತಾ ಹೋದಂತೆಲ್ಲ ಮಾಲೀಕನ ಗಂಟು ಕರಗುವುದರಿಂದ, ಅವನೇ ತನ್ನವರ ಸೋಲಿಗೆ ಸಂಚು ಹೂಡಬೇಕಾಗುತ್ತದೆ. ಇಡೀ ಕಥೆ ಹುಟ್ಟುವುದು ಈ ಒಂದು ವಕ್ರತೆಯಿಂದ. ಇದೇ ಬಳಗದ ಇನ್ನೊಂದು ಸರಣಿ 2007ರ ‘ಕೈಜಿ’. ಅದರ ಮೊದಲ ಜೂಜಿನಲ್ಲಿ ಪ್ರತಿಯೊಬ್ಬನಿಗೂ ಕಲ್ಲು, ಕತ್ತರಿ, ಕಾಗದದ ತಲಾ ನಾಲ್ಕರಂತೆ 12 ಕಾರ್ಡುಗಳು ಮತ್ತು ಪಣಕ್ಕಿಡಲು ಮೂರು ನಕ್ಷತ್ರಗಳು ಸಿಗುತ್ತವೆ. ಎಷ್ಟು ಕಾರ್ಡು ಉಳಿದಿವೆ ಎಂಬ ಫಲಕ ಎಲ್ಲರ ಕಣ್ಣೆದುರಿಗೇ ಇರುತ್ತದೆ, ಅದನ್ನು ಓದಬಲ್ಲವರು ಮಾತ್ರ ಕೆಲವರು.

ಬುದ್ಧಿಯೆಂದರೆ ಯಾವಾಗಲೂ ಎದುರಾಳಿಯನ್ನು ಕೆಡಹುವುದಲ್ಲ, ತಿಳಿವಳಿಕೆಯೂ ಬುದ್ಧಿಯೇ ಎನ್ನುವವರಿಗೆ ಎರಡು ದಾರಿಗಳಿವೆ. 2019ರಲ್ಲಿ ಆರಂಭವಾದ ‘ಡಾಕ್ಟರ್ ಸ್ಟೋನ್’ನಲ್ಲಿ ಮನುಕುಲವೆಲ್ಲ ಕಲ್ಲಾಗಿರುವಾಗ, ಸೆಂಕು ಎಂಬ ಹುಡುಗ ಮಂಪರಿಗೆ ಜಾರದೆ ಸೆಕೆಂಡುಗಳನ್ನು ಎಣಿಸುತ್ತಾ 3,700 ವರ್ಷ ಕಳೆದು 5738ನೆಯ ಇಸವಿಯ ವಸಂತದಲ್ಲಿ ಎಚ್ಚರಗೊಳ್ಳುತ್ತಾನೆ. ಎಣಿಕೆಯ ಭಾಗ ಬರೀ ಕಲ್ಪನೆ, ಆದರೆ ಅವನ ರಸಾಯನಶಾಸ್ತ್ರಕ್ಕೆ ಬೇರುಗಳಿವೆ. ಮರಳಿನಿಂದ ಗಾಜು, ಗಾಜಿನಿಂದ ಪ್ರಯೋಗದ ಪಾತ್ರೆಗಳು, ಅವುಗಳಿಂದ ಸಲ್ಫಾ ಔಷಧ ಎಂದು ಒಂದು ವಸ್ತುವಿಗೆ ಬೇಕಾದ ಇನ್ನೊಂದನ್ನು ಹುಡುಕುತ್ತಾ ಹೋಗುವ ನಕ್ಷೆ ಕಂತಿನಿಂದ ಕಂತಿಗೆ ಬೆಳೆಯುತ್ತದೆ. ಆ ನಕ್ಷೆಯನ್ನು ನೀವೂ ಒಂದು ಹಾಳೆಯಲ್ಲಿ ಬರೆದುಕೊಂಡರೆ ಸರಣಿಯ ಸ್ವಾದ ಹೆಚ್ಚುತ್ತದೆ. ಪ್ರಯೋಗಗಳನ್ನು ಮಾತ್ರ ಮನೆಯಲ್ಲಿ ಮಾಡಬೇಡಿ, ಆಮ್ಲಗಳ ಜೊತೆ ಚೆಲ್ಲಾಟ ಸಲ್ಲದು. ಎರಡನೆಯ ದಾರಿ, 2023ರಲ್ಲಿ ಬಂದ ‘ದಿ ಅಪಾಥೆಕರಿ ಡೈರೀಸ್’. ಹಳೆಯ ಚೀನಾವನ್ನು ಹೋಲುವ ಅರಮನೆಯ ಅಂತಃಪುರದಲ್ಲಿ ಕೂಸುಗಳು ಕಾಯಿಲೆ ಬೀಳುತ್ತಿರುವುದು ಶಾಪದಿಂದಲ್ಲ, ತಾಯಂದಿರು ಮುಖಕ್ಕೆ ಬಳಿಯುವ ಬಿಳಿ ಪುಡಿಯಿಂದ ಎಂದು ದಾಸಿ ಮಾವೊಮಾವೊ ಕಂಡುಹಿಡಿಯುತ್ತಾಳೆ. ಸೀಸದ ಬಿಳಿ ಪುಡಿಯನ್ನು ಹಿಂದಿನ ಕಾಲದ ಹೆಂಗಸರು ನಿಜಕ್ಕೂ ಬಳಸುತ್ತಿದ್ದರು. ನನ್ನ ಮಟ್ಟಿಗೆ ಇಬ್ಬರಲ್ಲಿ ಮಾವೊಮಾವೊಳದೇ ಹೆಚ್ಚು ನಂಬಿಕೆ ಹುಟ್ಟಿಸುವ ಬುದ್ಧಿ. ತನಗೆ ತಿಳಿದದ್ದನ್ನು ಹೇಳಿದರೆ ತಲೆ ಹೋದೀತು ಎಂಬ ಅರಿವೂ ಅವಳ ಲೆಕ್ಕದೊಳಗೇ ಇದೆ, ಅದಕ್ಕಾಗಿಯೇ ಅವಳು ಎಚ್ಚರಿಕೆಯ ಮಾತನ್ನು ಬಟ್ಟೆಯ ಚೂರಿನಲ್ಲಿ ಬರೆದು ಹೂವಿನ ಕೊಂಬೆಗೆ ಕಟ್ಟಿ ಇಟ್ಟುಬರುತ್ತಾಳೆ.

ಯುದ್ಧತಂತ್ರ ಬೇಕಾದವರಿಗೆ ಯೋಶಿಕಿ ತನಾಕಾ ಅವರ ಕಾದಂಬರಿಗಳನ್ನು ಆಧರಿಸಿದ ‘ಲೆಜೆಂಡ್ ಆಫ್ ದಿ ಗ್ಯಾಲಕ್ಟಿಕ್ ಹೀರೋಸ್’ ಇದೆ. 1988ರಿಂದ 1997ರವರೆಗೆ ಹೊರಬಂದ ಇದರ ಮುಖ್ಯ ಸರಣಿಗೆ 110 ಕಂತುಗಳು, ದಿನಕ್ಕೆರಡರಂತೆ ನೋಡಿದರೆ 55 ದಿನ ಬೇಕು. ಇತಿಹಾಸವನ್ನು ಖರ್ಚಿಲ್ಲದೆ ಓದಬಹುದೆಂದು ಸೈನಿಕ ಶಾಲೆ ಸೇರಿ, ಇಷ್ಟವಿಲ್ಲದಿದ್ದರೂ ಸೇನಾಪತಿಯಾದ ಯಾಂಗ್ ವೆನ್‌ಲಿ, ಆರು ದಾಳಿಗಳಿಗೂ ಮಣಿಯದ ಇಸರ್‌ಲೋನ್ ಕೋಟೆಯನ್ನು ಅರ್ಧ ಬಲದ ಪಡೆಯಿಂದ ಹಿಡಿಯುವ ಕಥೆ ಆರು ಮತ್ತು ಏಳನೆಯ ಕಂತುಗಳಲ್ಲಿದೆ. ಅಷ್ಟು ನೋಡಿಯೂ ಹಿಡಿಸದಿದ್ದರೆ ಬಿಡಬಹುದು. 2006ರ ‘ಕೋಡ್ ಗಿಯಾಸ್’ ಇದಕ್ಕಿಂತ ಬಹಳ ಚುರುಕು. ಕಣ್ಣಲ್ಲಿ ಕಣ್ಣಿಟ್ಟು ಯಾರಿಗೆ ಬೇಕಾದರೂ ಆಜ್ಞೆ ಮಾಡಬಲ್ಲ ಲೆಲೂಷ್ ಒಬ್ಬನ ಮೇಲೆ ಒಂದೇ ಬಾರಿ ಆ ಶಕ್ತಿಯನ್ನು ಬಳಸಬಹುದು ಎಂಬ ಮಿತಿಯೇ ಸರಣಿಯ ಜೀವ. ಯಾರ ಮೇಲೆ ಆ ಅವಕಾಶ ಮುಗಿದಿದೆ ಎಂಬುದನ್ನು ನೋಡುತ್ತಾ ಗುರುತು ಹಾಕಿಕೊಳ್ಳಿ. ಯಂತ್ರಮಾನವರು ಹೊಸ ಹೊಸ ಆಯುಧ ಹೊತ್ತು ಬಂದು ಗೆಲುವನ್ನು ತೀರ್ಮಾನಿಸುವ ಕಡೆಗಳಲ್ಲಿ, ಅದರಲ್ಲೂ ಎರಡನೆಯ ಸೀಸನ್‌ನಲ್ಲಿ, ಲೆಲೂಷನ ತಲೆಗೆ ಕೆಲಸ ಕಡಿಮೆಯಾಗುತ್ತದೆ.

ನವೊಕಿ ಉರಸಾವಾ ಅವರ ‘ಮಾನ್‌ಸ್ಟರ್’ 74 ಕಂತುಗಳ ನಿಧಾನಗತಿಯ ಸರಣಿಯಾಗಿದ್ದು, ಡುಸೆಲ್‌ಡಾರ್ಫಿನ ಜಪಾನಿ ನರಶಸ್ತ್ರವೈದ್ಯ ತೆನ್ಮಾ ತಾನು ಬದುಕಿಸಿದ ಹುಡುಗನನ್ನೇ ಬೆನ್ನಟ್ಟುವ ಕಥೆ. ಇಲ್ಲಿ ಹರಿತವಾದ ಬುದ್ಧಿ ಖಳನದು, ನಾಯಕನದು ಪಟ್ಟು. ಇದೂ ‘ಡೆತ್ ನೋಟ್’, ‘ಕೈಜಿ’ಗಳೂ ಮಕ್ಕಳ ಜೊತೆ ಕುಳಿತು ನೋಡುವಂಥವಲ್ಲ.

ಹೊಸ ಸರಣಿಯೊಂದು ಎದುರಾದಾಗ ಮೂರು ಕಂತುಗಳಷ್ಟು ಅವಕಾಶ ಕೊಟ್ಟು ತೀರ್ಮಾನಿಸಿ. ನಾಯಕನ ಐಕ್ಯೂ ಇಷ್ಟೆಂದು ಅಂಕಿಯೊಂದನ್ನು ಘೋಷಿಸಿ ಸುಮ್ಮನಾದರೆ, ಎದುರಾಳಿಗಳು ಶಾಲೆಯ ಮಗುವಿಗೂ ಗೊತ್ತಾಗುವ ತಪ್ಪು ಮಾಡುತ್ತಿದ್ದರೆ, ನಾಯಕ ಬಾಯಿ ತೆರೆದಾಗಲೆಲ್ಲ ಪಕ್ಕದವರು ಬೆರಗಾಗುವುದನ್ನೇ ತೋರಿಸುತ್ತಿದ್ದರೆ ಅಲ್ಲಿಗೆ ಮುಚ್ಚಿಡಬಹುದು. ಒಂದೇ ವಾರಾಂತ್ಯ ಬಿಡುವಿದ್ದು ಯಾವುದನ್ನು ಹಿಡಿಯಲೆಂದು ತೋಚದಿದ್ದರೆ 2019ರ ‘ದಿ ಪ್ರಾಮಿಸ್ಡ್ ನೆವರ್‌ಲ್ಯಾಂಡ್’ನ 12 ಕಂತುಗಳನ್ನು ನೋಡಿ. ಅನಾಥಾಲಯದ ಮೂವರು ಹನ್ನೊಂದು ವರ್ಷದ ಮಕ್ಕಳು ‘ಅಮ್ಮ’ನೆಂದು ಕರೆಯುವವಳ ಕಣ್ಣು ತಪ್ಪಿಸಿ ಪಾರಾಗಲು ಯೋಜನೆ ಹೂಡುತ್ತಾರೆ, ಅವಳು ಅವರಿಗಿಂತ ಒಂದು ಕೈ ಮೇಲೆಯೇ ಇರುತ್ತಾಳೆ. ಅದು ಮುಗಿದ ಮೇಲೆ 2021ರ ಎರಡನೆಯ ಸೀಸನ್ ಕಡೆಗೆ ಹೋಗದೆ ಮಾಂಗಾವನ್ನೇ ಓದಿ. ಆ ಸೀಸನ್ ಮೂಲ ಕಥೆಯ ದೊಡ್ಡ ಭಾಗಗಳನ್ನೇ ಬಿಟ್ಟು ಓಡುತ್ತದೆ.